ಮಾಳವ್ವ ಚುಕ್ಕಾಣಿ ಹಿಡಿದದ್ದು

ಬಾ ಮಗಾ, ಈ ಕಡೆ ತಿರುಗಿ ಮಲಗು. ಕೌದಿ ಎಳ್ಕೋ. ಕಾಲು ಆಡಿಸ್ತಿದ್ರೆ ನಾನು ಹೇಳೋದಿಲ್ಲ ನೋಡು.

ಒಂದಾನೊಂದು ಕಾಲ, ನಮ್ಮ ಸೀಮೆಗೆ ರೈಲು ಇನ್ನೂ ಬರದೇ ಇದ್ದ ಕಾಲ. ಗುಡ್ಡಗಳ ನಡುವೆ ಒಂದು ಕೆರೆ ಇತ್ತಂತೆ. ಕೆರೆ ಅಂದ್ರೆ ಎಮ್ಮೆ ಮೈ ತೊಳೆಯೋ ನಮ್ಮೂರ ಕೆರೆ ಥರ ಅಲ್ಲ. ಈ ದಡದಲ್ಲಿ ನಿಂತ್ರೆ ಆ ದಡ ಕಾಣ್ತಿರಲಿಲ್ಲವಂತೆ, ಗಾಳಿ ಎದ್ರೆ ಆಳೆತ್ತರ ಅಲೆ ಏಳ್ತಿದ್ದವಂತೆ. ಈ ದಡದಲ್ಲಿ ಬಿಳಿಗಲ್ಲು ಅಂತ ಊರು, ಆ ದಡದಲ್ಲಿ ತೊರೆಹಾಳು ಅಂತ ಪೇಟೆ. ಗಾಡಿ ಕಟ್ಕೊಂಡು ಗುಡ್ಡ ಬಳಸಿ ಹೋದ್ರೆ ದಾರಿಯಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ಉಂಡು, ಮಲಗಿ ಎದ್ದು ಹೋಗಬೇಕು. ದೋಣಿಯಲ್ಲಾದ್ರೆ ಬೆಳಗಿನ ರೊಟ್ಟಿ ಇಲ್ಲಿ, ಮಧ್ಯಾಹ್ನದ ಊಟ ಅಲ್ಲಿ. ಅದಕ್ಕೇ ಉಪ್ಪು, ಬೆಲ್ಲ, ಮೆಣಸಿನಕಾಯಿ, ಮದುವೆ ದಿಬ್ಬಣ, ಎಲ್ಲಾ ದೋಣಿ ಮೇಲೇ ಹೋಗೋದಂತೆ, ದೋಣಿ ಮೇಲೇ ಬರೋದಂತೆ.

ಬಿಳಿಗಲ್ಲಲ್ಲಿ ಅಂಬಿಗರ ಕೆಂಚವ್ವ ಅಂತ ಒಬ್ಬಳಿದ್ದಳು. ಗಂಡ ತೀರ್ಕೊಂಡಿದ್ದ. ಮೂರು ಮಕ್ಕಳು. ದೊಡ್ಡವನು ಹಾಲಪ್ಪ, ನಡುವಿನವನು ಗೂಳಪ್ಪ, ಕಿರಿಯವಳು ಮಾಳವ್ವ. ಗಂಡ ಬಿಟ್ಟುಹೋದ ದೋಣಿನೂ ಮೂರೇ. ದೊಡ್ಡ ದೋಣಿ ದೊಡ್ಡವನು ತಗೊಂಡ, ಸಣ್ಣದು ನಡುವಿನವನು ತಗೊಂಡ. ಇನ್ನೊಂದು ಹಳೇ ದೋಣಿ ದಡದಲ್ಲಿ ಬೋರಲಾಗಿ ಬಿದ್ದಿತ್ತಂತೆ, ಅದರ ಕೆಳಗೆ ಕೋಳಿ ಮೊಟ್ಟೆ ಇಡ್ತಿದ್ದವಂತೆ. ಮಾಳವ್ವ, ಅದನ್ನ ನನಗೆ ಕೊಡ್ರೋ ಅಣ್ಣಾ, ನಾನು ನಡೆಸ್ತೀನಿ ಅಂದಳಂತೆ. ಹಾಲಪ್ಪ ಹೊಟ್ಟೆ ಹಿಡ್ಕೊಂಡು ನಕ್ಕನಂತೆ. ಹೆಣ್ಣುಮಕ್ಕಳು ಚುಕ್ಕಾಣಿ ಹಿಡಿದ್ರೆ ಮೀನು ನಗ್ತಾವೆ ಕಣೇ, ನೀನು ಕೋಳಿ ನೋಡ್ಕೋ ಸಾಕು ಅಂದನಂತೆ. ಮಾಳವ್ವ ಸೀದಾ ದಡಕ್ಕೆ ಹೋದಳು. ಕೋಳಿ ಓಡಿಸಿದಳು, ದೋಣಿ ಮಗುಚಿದಳು, ಸಂದಿಗೆಲ್ಲ ನಾರು ತುಂಬಿ ರಾಳ ಬಳಿದಳು. ದಿನಾ ಬೆಳಗ್ಗೆ ಒಬ್ಬಳೇ ಅದನ್ನ ನೀರಿಗಿಳಿಸಿ, ಎಲ್ಲಿ ಆಳ, ಎಲ್ಲಿ ಬಂಡೆ, ಯಾವ ಹೊತ್ತಿಗೆ ಯಾವ ಗುಡ್ಡದ ಸಂದಿಯಿಂದ ಗಾಳಿ ಬರತ್ತೆ, ಎಲ್ಲಾ ನೋಡ್ಕೊಂಡು ಬರ್ತಿದ್ದಳಂತೆ.

ಆಮೇಲೆ ಆಷಾಢ ಬಂತು. ಆಷಾಢದಲ್ಲಿ ಮಧ್ಯಾಹ್ನ ತಿರುಗಿದ ಮೇಲೆ ಯಾರೂ ದೋಣಿ ಬಿಡ್ತಿರಲಿಲ್ಲ, ಗಾಳಿ ಅಷ್ಟು ಕೆಟ್ಟದು. ಆದ್ರೆ ಹಾಲಪ್ಪ ತೊರೆಹಾಳಲ್ಲಿ ಉಪ್ಪು ತುಂಬಿಸಿದ, ತುಂಬಿಸಿದ, ಇನ್ನೂ ತುಂಬಿಸಿದ, ದೋಣಿ ಅಂಚಿಗೂ ನೀರಿಗೂ ನಾಲ್ಕು ಬೆರಳು ಉಳೀತಂತೆ. ಅಷ್ಟೊತ್ತಿಗೆ ಹೊತ್ತು ವಾಲಿತ್ತು. ನಾಳೆ ಹೋಗಪ್ಪಾ ಅಂದ್ರು ಅಲ್ಲಿಯೋರು. ನನ್ನ ದೋಣಿ ನೋಡಿ ಗಾಳೀನೇ ದಾರಿ ಬಿಡತ್ತೆ ಅಂದನಂತೆ ಇವನು. ಗಾಳಿ ದಾರಿ ಬಿಡಲಿಲ್ಲ. ಇನ್ನೇನು ಬಿಳಿಗಲ್ಲು ದಡ ಹತ್ತಿರ ಬಂತು ಅನ್ನೋಷ್ಟರಲ್ಲಿ ಒಂದು ಅಲೆ ಒಳಗೆ ಬಂತು, ಅದರ ಹಿಂದೆ ಇನ್ನೊಂದು ಬಂತು, ದೋಣಿ ಮೆಲ್ಲಗೆ ಕೂತೇ ಬಿಡ್ತಂತೆ ಎಮ್ಮೆ ಕೂತ ಹಾಗೆ. ಹಾಲಪ್ಪನೂ ಆಳುಗಳೂ ಈಜಿ ದಡ ಸೇರಿದ್ರು. ಉಪ್ಪೆಲ್ಲ ಕರಗಿ ಹೋಯ್ತು. ಊರೋರು ಕೊಡ ತಗೊಂಡು ಓಡಿಬಂದು ಕೆರೆ ನೀರಲ್ಲೇ ಸಾರು ಮಾಡಿ ನೋಡಿದ್ರಂತೆ, ಉಪ್ಪಿನ ಸುಳಿವೂ ಇಲ್ಲ!

ನಗಬೇಡ, ಇನ್ನೂ ಇದೆ ಕೇಳು.

ಅಣ್ಣನ ಹಾಗೆ ನಾನು ದಡ್ಡನಲ್ಲ ಅಂತ ಗೂಳಪ್ಪ ಬೆಳಗ್ಗೆಯೇ ಹೊರಟನಂತೆ, ಅಳತೆಯಾಗಿ ಬೆಲ್ಲ ತುಂಬಿಸಿಕೊಂಡು. ದಾರಿಯಲ್ಲಿ ತೊರೆಹಾಳಿನ ದೋಣಿಯೋನೊಬ್ಬ ಪಕ್ಕಕ್ಕೆ ಬಂದು, ಏನಪ್ಪಾ, ಬೆಲ್ಲಕ್ಕೆ ಇರುವೆ ಹತ್ತೋ ಮೊದಲು ದಡ ಮುಟ್ತೀಯೋ ಅಂತ ಕೆಣಕಿದ. ಇವನಿಗೆ ರೋಷ ಬಂತು. ಹಾಯಿ ಪೂರ್ತಿ ಬಿಚ್ಚಿದ. ಅವನನ್ನ ಹಿಂದೆ ಹಾಕಿದೆ ಅಂತ ತಿರುಗಿ ನೋಡಿ ಹಲ್ಲು ಕಿರಿಯೋಷ್ಟರಲ್ಲಿ, ಆನೆಗುಂಡು ಅಂತ ನೀರೊಳಗೆ ಮುಳುಗಿದ್ದ ಒಂದು ಬಂಡೆ ಇತ್ತು, ದೋಣಿ ಅದಕ್ಕೆ ಹೋಗಿ ಢಬ್ ಅಂತ ಹೊಡೆದು ಒಡೆದೇ ಹೋಯ್ತಂತೆ! ಕೆಣಕಿದವನೇ ಗೂಳಪ್ಪನನ್ನೂ ಅವನ ಆಳುಗಳನ್ನೂ ಎತ್ತಿಕೊಂಡು ದಡ ಸೇರಿಸಿದ. ಬೆಲ್ಲವೂ ನೀರುಪಾಲು.

ಆಮೇಲೆ ಬಿಳಿಗಲ್ಲು ಮಂದಿ, ಇನ್ನು ದೋಣಿ ಸಹವಾಸವೇ ಬೇಡ ಅಂತ ಕೂತುಬಿಟ್ರು. ಹಾಲಪ್ಪ ಮೂಲೆ ಹಿಡಿದ, ದೋಣಿಯ ಹುಟ್ಟು ಕಂಡ್ರೆ ಮುಖ ತಿರುಗಿಸೋನಂತೆ. ಗೂಳಪ್ಪ ಕೆರೆ ಕಡೆ ಕಿಟಕಿ ತೆಗೆಯೋದನ್ನೇ ಬಿಟ್ಟ.

ಈಗ ಹಾಲಪ್ಪನ ಹೆಂಡತಿ ನಿಂಗಿ ತುಂಬಿದ ಬಸುರಿ. ಅವಳಿಗೆ ಹಿಂದೆ ಒಂದು ಮಗು ಹುಟ್ಟೋವಾಗಲೇ ಹೋಗಿಬಿಟ್ಟಿತ್ತು ಪಾಪ. ಅವಳ ತವರು ತೊರೆಹಾಳು, ಅವಳ ಅವ್ವನೇ ಅಲ್ಲಿ ಹೆಸರಾದ ಸೂಲಗಿತ್ತಿ. ಈ ಸಲ ಅವ್ವನ ಕೈಯಲ್ಲೇ ಹೆರಬೇಕು ಅಂತ ಅವಳ ಹಟ. ಗಾಡಿ ಕಟ್ಟಿಸ್ತೀನಿ ಅಂದ ಹಾಲಪ್ಪ. ಆ ಗುಡ್ಡದ ಕಲ್ಲುದಾರಿಯಲ್ಲಿ ಗಾಡಿ ಕುಲುಕಿದ್ರೆ ನಿಮ್ಮ ಮಗು ದಾರಿಯಲ್ಲೇ ಹುಟ್ಟತ್ತೆ, ಆಮೇಲೆ ಎತ್ತು ಬಾಣಂತನ ಮಾಡತ್ತಾ ಅಂದಳಂತೆ ನಿಂಗಿ. ಆಗ ಮಾಳವ್ವ ಬಂದು, ಅತ್ತಿಗೇ, ನನ್ನ ದೋಣಿಗೆ ಬರ್ತೀಯಾ ಅಂತ ಕೇಳಿದಳಂತೆ.

ನಿಂಗಿ ಅವಳ ಮುಖ ನೋಡಿದಳು. ನಿನಗೆ ಹೆದರಿಕೆ ಇಲ್ವೇನೇ ಅಂದಳು. ಹೆದರಿಕೆ ಇದೆ, ಅದಕ್ಕೇ ಹುಷಾರಾಗಿ ನಡೆಸ್ತೀನಿ ಅಂದಳಂತೆ ಮಾಳವ್ವ. ಹಾಗಾದ್ರೆ ಬರ್ತೀನಿ ನಡಿ ಅಂದಳಂತೆ ನಿಂಗಿ.

ಇವರು ಹೊರಟಿದ್ದು ನೋಡಿ ಕುಂಬಾರ ಬೋರಯ್ಯ ಓಡಿಬಂದ. ದೋಣಿ ನಿಂತಾಗಿಂದ ಅವನ ಗಡಿಗೆ ಮನೆ ತುಂಬಾ ಪೇರಿಸಿ ಕೂತಿದ್ದವು, ಅವನಿಗೇ ಮಲಗೋಕೆ ಜಾಗ ಇರಲಿಲ್ಲವಂತೆ. ನನ್ನ ಗಡಿಗೇನೂ ಹಾಕ್ಕೊಳ್ಳವ್ವಾ ಅಂದ. ಹಗ್ಗದ ಬಲೆಗಳಲ್ಲಿ ಬೋರಲು ಬೋರಲಾಗಿ ಕಟ್ಟಿದ ಗಡಿಗೆ ಹೇರಿದ್ರು, ಬೋರಯ್ಯನೂ ಹತ್ತಿ ಕೂತ. ಹೆಂಡತಿ ಹತ್ತಿದ ಮೇಲೆ ಹಾಲಪ್ಪ ದಡದಲ್ಲಿ ನಿಲ್ಲಲಾರದೆ ತಾನೂ ಹತ್ತಿದ, ಅಣ್ಣ ಹತ್ತಿದ ಅಂತ ಗೂಳಪ್ಪನೂ ಹತ್ತಿದ. ಇಬ್ಬರೂ ತಂಗಿ ಹೇಳಿದ ಹಾಗೆ ಹುಟ್ಟು ಹಾಕಿದ್ರಂತೆ. ಕೆಂಚವ್ವ ದಡದಲ್ಲಿ ನಿಂತು, ಕೆರೆ ತಾಯೀ, ನನ್ನ ಮನೆಮಂದಿಯೆಲ್ಲ ನಿನ್ನ ಮಡಿಲಲ್ಲಿದ್ದಾರೆ ಅಂತ ಕೈ ಮುಗಿದಳು.

ಬೆಳಗಿನ ನೀರು ಕನ್ನಡಿ ಹಾಗಿತ್ತು. ಮಾಳವ್ವ ಆನೆಗುಂಡನ್ನ ದೂರದಿಂದಲೇ ಬಳಸಿದಳು. ಬೋರಯ್ಯ ಹಾಡು ಹೇಳಿದ, ಗೂಳಪ್ಪನೂ ದನಿ ಕೂಡಿಸಿದ. ಇನ್ನೇನು ತೊರೆಹಾಳಿನ ಗುಡಿ ಶಿಖರ ಕಾಣಬೇಕು, ಹೊತ್ತಲ್ಲದ ಹೊತ್ತಲ್ಲಿ ಆಕಾಶ ಕಪ್ಪಾಯ್ತು. ಗಾಳಿ ಬಂತು ನೋಡು! ಮಾಳವ್ವ ಹಾಯಿ ಇಳಿಸಿದಳು, ದೋಣಿ ಮೂತಿ ಅಲೆಗೆ ಎದುರಾಗಿ ಹಿಡಿದಳು. ಎಲ್ಲಾ ಸರಿಯಾಗೇ ಮಾಡಿದಳು. ಆದ್ರೆ ದೋಣಿಗೆ ವಯಸ್ಸಾಗಿತ್ತಲ್ಲ, ತಳದ ಹಲಗೆ ಒಂದು ಬಿರಿದು, ನೀರು ಬುಗ್ಗೆ ಹಾಗೆ ಚಿಮ್ಮಿತಂತೆ.

ಹಾಲಪ್ಪ ಹೆಂಡತಿ ಕೈ ಹಿಡ್ಕೊಂಡು ಅಯ್ಯೋ ಅಂತ ಅಳೋಕೆ ಶುರು ಮಾಡಿದ. ಗೂಳಪ್ಪ, ಭಾರ ಇಳಿಸೋಣ, ಗಡಿಗೆ ಎಸೀರಿ ಅಂತ ಒಂದು ಬಲೆ ಎತ್ತಿ ನೀರಿಗೆ ಎಸೆದ. ಬೋರಯ್ಯ ಬಾಯಿ ಬಡ್ಕೊಂಡ. ಆದ್ರೆ ಆ ಬಲೆ ಮುಳುಗಲಿಲ್ಲ ಮಗಾ! ಬೋರಲು ಗಡಿಗೆ, ಒಳಗೆ ಬರೀ ಗಾಳಿ, ತೇಲ್ತಾ ತೇಲ್ತಾ ನಿಂತುಬಿಡ್ತು. ಮಾಳವ್ವ ನೋಡಿದಳು. ಎಸೀಬೇಡ್ರೋ, ಕಟ್ರೋ ಅಂತ ಕೂಗಿದಳಂತೆ. ಹಾಯಿ ಹಗ್ಗ ಬಿಚ್ಚಿದ್ರು, ಬಲೆಗೆ ಬಲೆ ಸೇರಿಸಿ ಬಿಗಿದ್ರು, ಮೇಲೆ ಎರಡು ಹಲಗೆ ಹಾಕಿದ್ರು, ಹಾಯಿಬಟ್ಟೆ ಹಾಸಿದ್ರು, ತೆಪ್ಪ ಆಯ್ತು. ನಿಂಗಿಯನ್ನ ಮೆಲ್ಲಗೆ ಅದರ ಮೇಲೆ ಮಲಗಿಸೋದೂ, ಹಳೇ ದೋಣಿ ಗುಳುಗುಳು ಅಂತ ಮುಳುಗೋದೂ ಒಂದೇ ಆಯ್ತಂತೆ.

ಅಣ್ಣತಮ್ಮ ಈಜ್ತಾ ಹಿಂದಿಂದ ತಳ್ಳಿದ್ರು. ಮಾಳವ್ವ ಮುಂದೆ ಹಗ್ಗ ಹಿಡಿದು ಎಳೆದಳು. ಬೋರಯ್ಯನಿಗೆ ಈಜು ಬರ್ತಿರಲಿಲ್ಲ, ಒಂದು ಗಡಿಗೆ ತಬ್ಬಿಕೊಂಡು, ಒಡೀಬೇಡ ನನ್ನಪ್ಪಾ, ನಾನೇ ಮಾಡಿದ್ದು ನಿನ್ನ ಅಂತ ಅದಕ್ಕೇ ಬೇಡ್ಕೊಳ್ತಿದ್ದನಂತೆ. ನಿಂಗಿಗೆ ಅಷ್ಟು ನೋವಿನಲ್ಲೂ ನಗು ಬಂತು. ನೋವು ಅಂದೆನಾ? ಹೂಂ ಮತ್ತೆ, ನೋವು ಅಲ್ಲೇ ಶುರುವಾಗಿತ್ತು. ಮಾಳವ್ವಾ, ಬೇಗ ಕಣೇ ಅಂದಳಂತೆ. ಆ ಗುಡಿ ಶಿಖರ ನೋಡು ಅತ್ತಿಗೇ, ಅದನ್ನ ಬಿಟ್ಟು ಏನೂ ನೋಡಬೇಡ ಅಂದಳಂತೆ ಮಾಳವ್ವ.

ದಡದಲ್ಲಿ ಬಟ್ಟೆ ಒಗೀತಿದ್ದ ಹೆಂಗಸರು ನೋಡಿ ಕೂಗಿಕೊಂಡ್ರು. ಮೀನು ಹಿಡಿಯೋರು ಹರಿಗೋಲು ತಗೊಂಡು ಎದುರಿಗೆ ಬಂದು ತೆಪ್ಪ ಎಳೆದ್ರು. ಕೂಗು ಕೇಳಿ ಓಡಿಬಂದ ನಿಂಗಿಯ ಅವ್ವ ಸೀರೆ ಮೇಲೆ ಕಟ್ಟಿ ಸೊಂಟಮಟ್ಟ ನೀರಿಗಿಳಿದು ಬಂದು ಮಗಳನ್ನ ತಬ್ಬಿಕೊಂಡಳು. ಮನೆತನಕ ಹೋಗೋಕೂ ಆಗಲಿಲ್ಲ. ಮೀನುಗಾರರ ಗುಡಿಸಲಲ್ಲೇ ಹೆರಿಗೆ. ಹೊರಗೆ ಗಾಳಿ ಹುಯ್ಯೋ ಅಂತಿತ್ತು, ಹಾಲಪ್ಪ ಒದ್ದೆಬಟ್ಟೆಯಲ್ಲೇ ನಡುಗ್ತಾ ನಿಂತಿದ್ದ. ಒಳಗಿಂದ ಕ್ವಾರ್ ಅಂತ ಅಳು ಕೇಳಿಸ್ತು ನೋಡು, ಗಾಳಿಗಿಂತ ಜೋರು! ಹೆಣ್ಣುಮಗು. ತಾಯೀನೂ ಚೆನ್ನಾಗಿದ್ದಳು, ಮಗೂನೂ ಚೆನ್ನಾಗಿತ್ತು.

ಬೋರಯ್ಯನ ಗಡಿಗೆಗೆ ಎಂಥಾ ಗಿರಾಕಿ ಅಂತೀಯಾ! ಬಸುರಿಯನ್ನ ಕಾಪಾಡಿದ ಗಡಿಗೆ ನಮ್ಮ ಮನೇಲಿರಲಿ ಅಂತ ಪೇಟೆ ಹೆಂಗಸರೆಲ್ಲ ಮುಗಿಬಿದ್ರಂತೆ.

ಆಮೇಲೆ ಅಣ್ಣತಮ್ಮ ಕಾಡಿಗೆ ಹೋಗಿ ಒಳ್ಳೇ ಹೊನ್ನೆ ಮರ ತಂದು, ಬಡಗಿ ಜೊತೆ ತಾವೂ ಕೂತು ಒಂದು ಗಟ್ಟಿ ದೋಣಿ ಕಟ್ಟಿದ್ರಂತೆ. ಬಾಣಂತಿಯನ್ನ ಕರ್ಕೊಂಡು ಬರೋ ದಿನ ತೊರೆಹಾಳಿನ ದಡದಲ್ಲಿ ಊರಿಗೆ ಊರೇ ಸೇರಿತ್ತು. ಹಾಲಪ್ಪ ಮಗು ಎತ್ಕೊಂಡು ದೋಣಿ ಹತ್ತಿದ, ತಂಗಿ ಕಡೆ ತಿರುಗಿದ, ಎಲ್ಲರಿಗೂ ಕೇಳೋ ಹಾಗೆ ಹೇಳಿದನಂತೆ: ಮಾಳಾ, ನೀನು ಚುಕ್ಕಾಣಿ ಹಿಡಿದ್ರೇನೇ ನನ್ನ ಮಗಳು ಈ ಕೆರೆ ದಾಟೋದು.

ಮಾಳವ್ವ ಸೆರಗು ಸಿಕ್ಕಿಸಿಕೊಂಡು ಹೋಗಿ ಚುಕ್ಕಾಣಿ ಹತ್ರ ನಿಂತಳು. ಹಾಯಿಗೆ ಗಾಳಿ ತುಂಬಿತು. ಎಳೇ ಬಿಸಿಲು, ತಂಪು ಗಾಳಿ, ಮಗು ಅಪ್ಪನ ತೋಳಲ್ಲೇ ನಿದ್ದೆ ಹೋಯ್ತಂತೆ.

ಅವರು ಅಲ್ಲಿ ದಡ ಸೇರಿದ್ರು, ನಮ್ಮ ಕತೆ ಇಲ್ಲಿ ದಡ ಸೇರ್ತು. ಮಗಾ? ಏ ಮಗಾ? ಹ್ಞೂಂ, ಇದೂ ಮಲಗಿಬಿಡ್ತು.