ಮೀಸೆ ಕಡೆ ಹಾರಿದ ಸ್ಪ್ರಿಂಗು

ತಿಪಟೂರಿನ ಒಂದು ವಾಚ್ ರಿಪೇರಿ ಅಂಗಡಿಗೆ ರುದ್ರಮುನಿಯಪ್ಪನವರು ಬಂದರು. ನಿವೃತ್ತ ಪೊಲೀಸ್ ಅಧಿಕಾರಿ, ಪೊದೆಯಂಥ ಮೀಸೆ.

"ನಮ್ಮ ತಾತನ ಕಾಲದ ವಾಚು. ಗುಂಡಿ ಒತ್ತಿದರೆ ಸ್ಟಾಪ್‌ವಾಚ್ ಓಡ್ಬೇಕು, ಓಡ್ತಿಲ್ಲ. ನನ್ನ ಕಣ್ಣೆದುರೇ ಬಿಚ್ಚು. ಏನಾದರೂ ಕಳೆದರೆ ಅಂಗಡಿ ಮುಚ್ಚಿಸ್ತೀನಿ!"

ರಿಪೇರಿಯವನು ಬಿಚ್ಚಿದ. ಸಾಹೇಬರು ಮೇಜಿನ ಮೇಲೆ ಬಗ್ಗಿ ಬುಸುಬುಸು ಉಸಿರು ಬಿಟ್ಟರು. "ಇದೇನು? ಅದೇನು?" ಅಂತ ಬೆರಳು ತೂರಿಸಿದರು. ಮೊಣಕೈ ತಾಗಿ ಮೇಜು ಅಲುಗಿತು.

ಟಿಣ್!

"ಅಯ್ಯೋ ಸಾರ್, ಸ್ಪ್ರಿಂಗ್ ಹಾರ್ತು! ಕೂದಲಿನಷ್ಟು ತೆಳುವು, ಈಗ ಎಲ್ಲೂ ಸಿಗಲ್ಲ. ನಿಮ್ಮ ಮೀಸೆ ಕಡೆಗೇ ಬಂದಂಗಾಯ್ತು. ಅಲ್ಲಾಡಬೇಡಿ!"

ಸಾಹೇಬರ ಮುಖ ಬಿಳಿಚಿಕೊಂಡಿತು. ಕಣ್ಣು ಬಿಟ್ಟುಕೊಂಡು ಕಂಬದಂತೆ ಕೂತರು. ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. ರಿಪೇರಿಯವನು ನೆಮ್ಮದಿಯಾಗಿ ಕೊಳೆ ತೆಗೆದು, ಎಣ್ಣೆ ಬಿಟ್ಟು, ಎಲ್ಲ ಜೋಡಿಸಿ ಗುಂಡಿ ಒತ್ತಿದ. ಮುಳ್ಳು ಓಡಿತು.

"ಸ್ಪ್ರಿಂಗ್ ಇಲ್ಲದೆ ಹೆಂಗಯ್ಯಾ ಓಡ್ತು?" ಸಾಹೇಬರು ತುಟಿ ಅಲ್ಲಾಡಿಸದೆ ಕೇಳಿದರು.

"ಅದು ಹಾರಲೇ ಇಲ್ಲ ಸಾರ್. ನಾನು ಚಿಮಟದಿಂದ ಗಾಜಿನ ಬಟ್ಟಲು ಮೀಟಿದೆ, ಅಷ್ಟೆ. ನೀವು ಇನ್ನೊಂದು ಸಲ ಮೇಜು ಅಲುಗಿಸಿದ್ದರೆ ನಿಜವಾಗ್ಲೂ ಹಾರ್ತಿತ್ತು."

ಸಾಹೇಬರು ಬೈಯಲು ಬಾಯಿ ತೆರೆದರು. ರಿಪೇರಿಯವನು ಮತ್ತೆ ಬಟ್ಟಲು ಮೀಟಿದ.

ಸಾಹೇಬರು ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡರು.