ಚಿಕ್ಕತಾಯಿಯ ತವರಿನ ಮಡಕೆ

ಕೇಳಿ. ಹೊಳೆಗೆ ಇನ್ನೂ ಸೇತುವೆ ಇಲ್ಲದ, ಕಾಡಿಗೆ ಬೇಲಿ ಇಲ್ಲದ ಕಾಲದಲ್ಲಿ, ಬೆಟ್ಟದ ಬುಡದಲ್ಲಿ ಒಂದು ದೊಡ್ಡಿ ಇತ್ತಂತೆ. ದೊಡ್ಡಿ ಎಂದರೆ ಮುಳ್ಳುಬೇಲಿಯ ಒಳಗೆ ದನ, ಬೇಲಿಯ ಸುತ್ತ ದನದವರ ಗುಡಿಸಲು. ಆ ದೊಡ್ಡಿಗೆ ಚಿಕ್ಕತಾಯಿ ಎಂಬುವಳು ಸೊಸೆಯಾಗಿ ಬಂದಳಂತೆ.

ಅವಳು ಬಂದಾಗ ಅಲ್ಲಿ ನೊಣವೇ ನೊಣ. ದನದ ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಕೂರುತ್ತಿದ್ದವಂತೆ. ಕರುಗಳ ಕಣ್ಣು ಕೀವುಗಟ್ಟಿ ಮುಚ್ಚಿಹೋಗುತ್ತಿದ್ದವು. ಹಸುಗಳು ಬಾಲ ಬೀಸುವುದರಲ್ಲೇ ಮೇಯುವುದನ್ನು ಮರೆತವು, ಹಾಲು ಬತ್ತಿತು. ಕಣ್ಣಿಗೆ ಹಚ್ಚಲು ಜೇನು ತರೋಣವೆಂದು ಹೋದರೆ, ಮತ್ತಿಮರದ ಜೇನುಹುಟ್ಟುಗಳು ಒಣಗಿ ನೇತಾಡುತ್ತಿದ್ದವು. ಹೂವಿಲ್ಲದ ಕಡೆ ಜೇನು ಏಕೆ ನಿಲ್ಲುತ್ತದೆ? ಮೇವುಬಯಲಿನಲ್ಲಿ ಸಗಣಿ ಬಿದ್ದಲ್ಲೇ ಒಣಗಿ, ನೆಲಕ್ಕೆ ಹಂಚು ಹೊದಿಸಿದಂತಾಗಿತ್ತು. ಅದರಡಿಯಿಂದ ಒಂದು ತುಂಬೆಗಿಡವೂ ತಲೆ ಎತ್ತುತ್ತಿರಲಿಲ್ಲ.

ಇದಕ್ಕೆಲ್ಲ ದೊಡ್ಡಿಯವರ ಭಕ್ತಿಯೇ ಕಾರಣ ಅಂತಾರೆ. ಸಗಣಿ ಎಂದರೆ ಲಕ್ಷ್ಮಿ. ಅದನ್ನು ಉಂಡೆ ಕಟ್ಟಿ, ಹಿಂಗಾಲಲ್ಲಿ ನೂಕಿಕೊಂಡು ಹೋಗಿ ಮಣ್ಣಿನಲ್ಲಿ ಹೂಳುವ ಕರಿಹುಳ ಲಕ್ಷ್ಮಿಯನ್ನು ಕದಿಯುವ ಕಳ್ಳ. ಕಂಡಲ್ಲಿ ತುಳಿಯಿರಿ ಎಂದು ಹಿಂದಿನವರು ಕಟ್ಟುಮಾಡಿದ್ದರಂತೆ. ತುಳಿದು ತುಳಿದು ಹುಳದ ಸಂತಾನವೇ ಇಲ್ಲವಾಗಿತ್ತು. ದೊಡ್ಡಿಯೊಳಗಿನ ಸಗಣಿಯನ್ನೇನೋ ಬಾಚುತ್ತಿದ್ದರು. ಬಯಲಿನದನ್ನು ಬಾಚುವವರು ಯಾರು?

ಈ ಮಳೆಗಾಲ ಮುಗಿಯುವುದರೊಳಗೆ ನೊಣ ತಗ್ಗದಿದ್ದರೆ ದೊಡ್ಡಿ ಒಡೆಯುವುದು, ದನ ಹಂಚಿಕೊಂಡು ಒಬ್ಬೊಬ್ಬರು ಒಂದೊಂದು ನೆಂಟರ ಊರು ಸೇರುವುದು ಎಂದು ಯಜಮಾನ ಜಡೇಮಾದಯ್ಯ ಹೇಳಿಬಿಟ್ಟ.

ಚಿಕ್ಕತಾಯಿ ಮಾತು ಕಡಿಮೆಯವಳು. ಅವಳ ಪಾಲಿನ ಮಾತನ್ನೂ ಅತ್ತೆ ಮುದ್ದತಾಯಮ್ಮನೇ ಆಡುತ್ತಿದ್ದಳಂತೆ. ಹೊಳೆಯಾಚೆಯ ತವರಿಗೆ ಹೋಗಿಬರುತ್ತೇನೆ ಎಂದಳು, ಹೋದಳು. ಬರುವಾಗ ಬಾಯಿಗೆ ಬಟ್ಟೆ ಕಟ್ಟಿದ ಒಂದು ಮಡಕೆ ಹೊತ್ತಿದ್ದಳು. ತುಂಬಿದ ಹೊಳೆ ಎರಡಾಗಿ ಸೀಳಿ ಅವಳಿಗೆ ದಾರಿ ಬಿಟ್ಟಿತು ಅಂತಾರೆ. ಹರಿಗೋಲಿನವನು ದಾಟಿಸಿದ ಅಂತ ನಮ್ಮಜ್ಜಿ ಅನ್ನುತ್ತಿದ್ದಳು.

ಅತ್ತೆ ಬಟ್ಟೆ ಬಿಚ್ಚಿ ನೋಡಿದಳು. ಒಳಗೆ ಹಸಿ ಸಗಣಿ, ಸಗಣಿಯ ತುಂಬ ಕರಿಹುಳ.

"ಅಯ್ಯೋ ನನ್ನ ಹಣೆಬರವೇ! ಎಲ್ಲಾರ ಸೊಸೇರು ತವರಿಂದ ಕಜ್ಜಾಯ ತತ್ತಾರೆ. ನೀನು ಸಗಣಿ ತಂದ್ಯೇನಮ್ಮಿ? ನಮ್ಮ ದನ ಏನು ಹಾಕ್ತವೆ ಅಂದ್ಕೊಂಡಿದ್ದೆ?"

"ನಮ್ಮೂರಲ್ಲಿ ಬೆಳಗ್ಗೆ ಬಿದ್ದ ಸಗಣಿ ಬೈಗಿಗೆ ಇರಾಕಿಲ್ಲ ಕಣತ್ತೆ. ಈ ಹುಳ ಹೂತುಬುಡ್ತವೆ. ನೊಣ ಮೊಟ್ಟೆ ಇಕ್ಕಾಕೆ ಜಾಗ ಎಲ್ಲದೆ?"

ಅಷ್ಟೇ ಅಂದಳಂತೆ. ಅಂದು, ಮಡಕೆಯನ್ನು ಬಯಲಿಗೆ ಒಯ್ದು ಬೋರಲು ಹಾಕಿದಳು.

ಕಟ್ಟು ಮುರಿದ ಸುದ್ದಿ ಜಡೇಮಾದಯ್ಯನಿಗೆ ಮುಟ್ಟಿತು. ಕೋಲು ಹಿಡಿದು ಬಂದ, ಹಿಂದೆ ಗಂಡಸರೆಲ್ಲ ಬಂದರು. ತುಳೀರ್ಲಾ ಎಂದ. ಎತ್ತಿದ ಕಾಲು ಇಳಿಯುವ ಮೊದಲೇ ಮುದ್ದತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಳಂತೆ. ಸೊಸೆಯನ್ನು ಅವಳು ಬೈಯಬಹುದು. ಅವಳ ಸೊಸೆ ತಂದದ್ದನ್ನು ಊರವರು ತುಳಿಯುವುದೆಂದರೇನು?

"ಕಾಲು ಹಿಂದಕ್ಕೆ ತಗೀರಿ ಬಾವಯ್ಯ. ನನ್ನ ಸೊಸೆ ತವರಿಂದ ಬಂದವ್ರೆ, ಇವ್ರು ನಮ್ಮ ಬೀಗರು! ಬೀಗರನ್ನ ತುಳಿದ್ರು ಅಂತ ಗೊತ್ತಾದ್ರೆ ನಾಳೆ ನಿಮ್ಮನೆಗೆ ಯಾರು ಹೆಣ್ಣು ಕೊಟ್ಟಾರು?"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಜಡೇಮಾದಯ್ಯನ ಮನೆಯಲ್ಲಿ ಮದುವೆಗೆ ನಿಂತ ಗಂಡುಮಕ್ಕಳಿದ್ದರಂತೆ. ಅವನು ಕೋಲನ್ನು ನೆಲಕ್ಕೆ ಕುಟ್ಟಿ, ಈ ಬೀಗರು ಎಷ್ಟು ದಿನ ಇರುತ್ತಾರೆ ಎಂದು ಕೇಳಿದನಂತೆ.

"ಉಣ್ಣಾಕೆ ಇರೋಗಂಟ," ಅಂದಳಂತೆ ಮುದ್ದತಾಯಮ್ಮ.

ಹುಳಗಳು ಉಂಡವು, ಉರುಳಿಸಿದವು, ಹೂತವು. ಮರಿ ಮಾಡಿದವು, ಮರಿಗಳೂ ಉಂಡವು. ಒಂದೊಂದು ಉಂಡೆ ತೆಂಗಿನಕಾಯಿ ಗಾತ್ರ ಇತ್ತು ಅಂತಾರೆ. ಅದು ಸುಳ್ಳಿರಬಹುದು. ಬಯಲು ತೆರೆದದ್ದು ಸುಳ್ಳಲ್ಲ. ಅವು ತೋಡಿದ ತೂತುಗಳಲ್ಲಿ ಮಳೆಯ ನೀರು ಇಳಿಯಿತು, ಹುಲ್ಲು ಬಂತು, ಹುಲ್ಲಿನ ನಡುವೆ ತುಂಬೆ ಎದ್ದಿತು. ನೊಣದ ಸದ್ದು ದಿನದಿನಕ್ಕೆ ಸಣ್ಣದಾಯಿತು. ಆದರೂ ಜನಕ್ಕೆ ನಂಬಿಕೆ ಬರಲಿಲ್ಲ. ಮಳೆಗಾಲ ಮುಗಿಯುತ್ತ ಬಂದಂತೆ ಗಂಟುಮೂಟೆ ಕಟ್ಟಿಟ್ಟರು.

ಒಂದು ಬೆಳಗ್ಗೆ ಬಯಲಿನಿಂದ ಗುಂಯ್‌ಗುಡುವ ಸದ್ದು ಕೇಳಿತಂತೆ. ನೊಣ ಮತ್ತೆ ಬಂತೆಂದು ಎಲ್ಲರೂ ಎದೆ ಹಿಡಿದುಕೊಂಡು ಹೊರಗೆ ಬಂದರು. ನೋಡಿದರೆ ಬಯಲೆಲ್ಲ ಬೆಳ್ಳಗೆ ತುಂಬೆ ಹೂವು, ಹೂವಿನ ಮೇಲೆ ಜೇನು. ಮುದ್ದತಾಯಮ್ಮ ದೊಡ್ಡಿಯೊಳಕ್ಕೆ ಓಡಿದಳು. ಕರು ಎರಡೂ ಕಣ್ಣು ಬಿಟ್ಟು ಅವಳನ್ನೇ ನೋಡಿತಂತೆ. ಆ ದಿನ ಬೈಗಿನವರೆಗೂ ಅವಳು ಯಾರನ್ನೂ ಬೈಯಲಿಲ್ಲ ಅಂತಾರೆ. ಈ ಕಥೆಯಲ್ಲಿ ನಂಬಲು ಕಷ್ಟವಾದದ್ದು ಅದೊಂದೇ.

ಗಂಟುಗಳನ್ನು ಬಿಚ್ಚಿದರು. ದೊಡ್ಡಿ ಉಳಿಯಿತು.

ಚಿಕ್ಕತಾಯಿಗೆ ಗುಡಿಯಿಲ್ಲ, ನೆಟ್ಟ ಕಲ್ಲೂ ಇಲ್ಲ. ಆದರೆ ಆ ದೊಡ್ಡಿಯಲ್ಲಿ ಇವತ್ತಿಗೂ ಮೊದಲ ಮಳೆಯ ಮರುದಿನ ಯಾರೂ ಪೊರಕೆ ಮುಟ್ಟುವುದಿಲ್ಲ. ದನ ಹಾಕಿದ್ದು ಹಾಕಿದಲ್ಲೇ ಇರುತ್ತದೆ. ಹೊಸಬರು ಯಾರಾದರೂ ಮೂಗು ಮುಚ್ಚಿಕೊಂಡು ಇದೇನು ಗಲೀಜು ಎಂದರೆ, ಸ್ವಲ್ಪ ಪಕ್ಕಕ್ಕೆ ನಿಂತುಕೊಳ್ಳಿ, ಇವತ್ತು ಬೀಗರ ಊಟ ಅಂತಾರೆ.