ಪ್ರೊಫೆಸರಿಗೆ ಗೊತ್ತಿಲ್ಲದ ಪ್ರಶ್ನೆ

ಇಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನೀಲಗಂಗಾಳಿಗೆ ಜೇನ್ನೊಣಗಳ ಮೇಲೆ ಪಿಎಚ್‌ಡಿ ಮಾಡುವ ಹಟ. ಹೋದಲ್ಲೆಲ್ಲ ಒಂದೇ ಮಾತು: "ಸೀಟಿಲ್ಲ." ಕೊನೆಗೊಂದು ವಿಶ್ವವಿದ್ಯಾಲಯ ಅವಳನ್ನು ಸಂದರ್ಶನಕ್ಕೆ ಕರೆಯಿತು.

ಅಲ್ಲಿ ಗೈಡ್ ಆಗಬೇಕಿದ್ದ ಪ್ರೊಫೆಸರ್ ಶೇಷಗಿರಿ ಕುರ್ಚಿಗೊರಗಿ ಮೀಸೆ ತೀಡಿದರು.

"ಹೈಸ್ಕೂಲ್ ಟೀಚರಿಗೆ ಸಂಶೋಧನೆಯ ಉಸಾಬರಿ ಯಾಕಮ್ಮ? ಆಗಲಿ, ಜೇನಿನ ಬಗ್ಗೆ ನನಗೆ ಉತ್ತರ ಗೊತ್ತಿಲ್ಲದ ಒಂದೇ ಒಂದು ಪ್ರಶ್ನೆ ಕೇಳು. ಸೀಟು ನಿನ್ನದು!"

ಪಕ್ಕದಲ್ಲಿ ಕೂತಿದ್ದ ಪರೀಕ್ಷಕರು ಮುಸಿಮುಸಿ ನಕ್ಕರು. ಆ ಸವಾಲಿನಲ್ಲಿ ಇದುವರೆಗೆ ಯಾರೂ ಗೆದ್ದಿರಲಿಲ್ಲ.

ನೀಲಗಂಗಾ ನಿಧಾನವಾಗಿ ಕೇಳಿದಳು: "ಸರ್, ನೀವು ನನಗೆ ಸೀಟು ಕೊಟ್ಟರೆ, ಜೇನಿನ ಬಗ್ಗೆ ನಾನು ಹೊಸದಾಗಿ ಏನು ಕಂಡುಹಿಡೀತೀನಿ?"

"ಏನೂ ಇಲ್ಲ!" ಎಂದರು ಪ್ರೊಫೆಸರ್, ಥಟ್ಟನೆ.

"ಪುರಾವೆ, ಸರ್?"

ಪ್ರೊಫೆಸರ್ ಎಷ್ಟಾದರೂ ವಿಜ್ಞಾನಿ, ಪುರಾವೆಯಿಲ್ಲದೆ ವಾದಿಸುವಂತಿಲ್ಲ. ಪರೀಕ್ಷಕರು ಈಗ ಅವರನ್ನೇ ನೋಡಿ ನಗುತ್ತಿದ್ದರು.

"ಗೊತ್ತಿಲ್ಲ," ಎಂದು ಒಪ್ಪಿಕೊಂಡರು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. "ಸೋಮವಾರವೇ ಬಂದು ಸೇರು ಮಾರಾಯ್ತಿ. ಏನು ಕಂಡುಹಿಡೀತೀಯೋ ನಾನೂ ನೋಡಬೇಕು!"

ನೀಲಗಂಗಾ ತಲೆಯೆತ್ತಿಕೊಂಡು ಹೊರಬಂದು ಅವ್ವನಿಗೆ ಫೋನ್ ಮಾಡಿದಳು.

"ಯವ್ವಾ, ಸೀಟು ಸಿಕ್ಕೈತಿ! ಬೇಡಿ ತಗೊಂಡಿಲ್ಲ, ಪ್ರಶ್ನೆ ಕೇಳಿ ಗೆದ್ದೀನಿ!"